ಆರು ತಿಂಗಳ ಪರದೇಶ: ಹಂಸಭಾವಿ ಹುಡುಗರ ಪಾಳಿ ಯಾವಾಗ?

ಮುಂಜಾನೆ ಎಂಟರಿಂದ ಹತ್ತರವರೆಗೆ ಹಂಸಭಾವಿ ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೆ ಹೊಸದಾಗಿ ಹೇಳಬೇಕಾದ್ದೇನೂ ಇಲ್ಲ. ಹಿರೇಕೆರೂರು ಕಡೆಯಿಂದ ಬರಲಿ, ಬ್ಯಾಡಗಿ ಕಡೆಯಿಂದ ಬರಲಿ, ಬಸ್ಸಿನಿಂದ ಇಳಿಯುವವರಲ್ಲಿ ಚೀಲ ಹೊತ್ತ ಹುಡುಗ ಹುಡುಗಿಯರೇ ಮೊದಲು ಕಣ್ಣಿಗೆ ಬೀಳುತ್ತಾರೆ. ಮೃತ್ಯುಂಜಯ ವಿದ್ಯಾಪೀಠದಿಂದಾಗಿ ಹೆಸರು ಮಾಡಿದ ಊರು ಇದು. ಸಂತೆಗೆ ಬರುವವರಿಗಿಂತ ಸಾಲಿಗೆ ಬರುವವರನ್ನು ನಂಬಿ ಅಂಗಡಿ ಇಟ್ಟವರು ಇಲ್ಲಿ ಬೇಕಾದಷ್ಟು ಜನ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲಂತೂ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆ ಹೋಯಿತು. ಹಳ್ಳಿಯ ಹುಡುಗಿ ಡಿಗ್ರಿ ಮುಗಿಸುವ ಮಾತಿಗೆ ಮನೆಯಲ್ಲಿ ಈಗ ಒಂದು ತಕರಾರು ಕಮ್ಮಿ.

ಇದೇ ವಯಸ್ಸಿನ, ಇದೇ ತರಗತಿಯ ಮಕ್ಕಳು ಬೆಂಗಳೂರಿನ ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಇದ್ದರೆ ಅವರಿಗೆ ಇನ್ನೊಂದು ಬಸ್ಸು ಕಾದಿರುತ್ತದೆ. ಮೂರು ವರ್ಷದ ಓದಿನಲ್ಲಿ ಆರು ತಿಂಗಳು ಜರ್ಮನಿಗೋ ಫ್ರಾನ್ಸಿಗೋ ಹೋಗಿ ಓದಿ, ಅಲ್ಲಿಯ ಮಾರ್ಕ್ಸು ಇಲ್ಲಿಯ ಮಾರ್ಕ್ಸ್ ಕಾರ್ಡಿಗೆ ಸೇರಿಸಿಕೊಂಡು ವಾಪಸು ಬರುವ ಬಸ್ಸು ಅದು. ಎಕ್ಸ್‌ಚೇಂಜ್ ಸೆಮಿಸ್ಟರ್ ಅಂತ ಅದಕ್ಕೆ ಹೆಸರು. ಹಂಸಭಾವಿ, ಹಾನಗಲ್ಲು, ಸವಣೂರು, ಶಿಗ್ಗಾವಿ ಕಡೆಯ ಕಾಲೇಜಿನ ಹುಡುಗರಲ್ಲಿ ಆ ಹೆಸರು ಕೇಳಿದವರೇ ಕಡಿಮೆ.

ಕೇಳಿದವರಿಗೂ ಅದು ಶ್ರೀಮಂತರ ಶೋಕಿ ಎಂಬ ಭಾವನೆ. ಅಲ್ಲೇ ಇರುವುದು ತಪ್ಪು. ಹೊಲದ ಕೆಲಸ ಗೊತ್ತಿದ್ದವರಿಗೆ ಇದು ಮುಯ್ಯಾಳಿನ ಲೆಕ್ಕ. ಇವತ್ತು ನಿಮ್ಮ ಹೊಲಕ್ಕೆ ನಮ್ಮ ಆಳು, ನಾಳೆ ನಮ್ಮ ಹೊಲಕ್ಕೆ ನಿಮ್ಮ ಆಳು. ಕೂಲಿ ಯಾರೂ ಯಾರಿಗೂ ಕೊಡುವುದಿಲ್ಲ. ಹಾಗೆಯೇ ಎರಡು ವಿಶ್ವವಿದ್ಯಾಲಯಗಳು ಕರಾರು ಮಾಡಿಕೊಳ್ಳುತ್ತವೆ. ಇಲ್ಲಿಯ ಹುಡುಗಿ ಅಲ್ಲಿಗೆ ಹೋದರೆ ಅಲ್ಲಿಯ ಫೀ ಕಟ್ಟುವುದಿಲ್ಲ. ಇಲ್ಲಿ ತನ್ನ ಕಾಲೇಜಿಗೆ ಏನು ಕಟ್ಟುತ್ತಾಳೋ ಅಷ್ಟೇ. ಅಲ್ಲಿಂದ ಬರುವವನೂ ಹಾಗೆಯೇ. ಪೂರ್ತಿ ಡಿಗ್ರಿ ಓದಲು ಪರದೇಶಕ್ಕೆ ಹೋಗುವವರು ಹೊಲ ಅಡವಿಟ್ಟು ಕಟ್ಟುವ ಲಕ್ಷಗಟ್ಟಲೆ ಫೀ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಹಾಗೆ ನೋಡಿದರೆ ಬಡವರ ಮಕ್ಕಳಿಗೇ ಹೇಳಿ ಮಾಡಿಸಿದ ಏರ್ಪಾಡು ಇದು, ಸಿಗುತ್ತಿರುವುದು ಮಾತ್ರ ಉಳ್ಳವರಿಗೆ. ಇದರಲ್ಲಿ ಆಶ್ಚರ್ಯವೇನಿಲ್ಲ. ರೇಷನ್ ಸಕ್ಕರೆಗೂ ಎಷ್ಟೋ ಕಾಲ ಇದೇ ಗತಿ ಆಗಿತ್ತು.

ಈ ಮಣ್ಣಿನವರಿಗೆ ಸಮುದ್ರ ದಾಟುವುದು ಹೊಸದೂ ಅಲ್ಲ. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಹಡಗು ಹತ್ತಿ ಆಕ್ಸ್‌ಫರ್ಡಿಗೆ ಹೋದರು. ಸ್ವಂತ ಗಂಟಿನಿಂದಲ್ಲ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರನ್ನು ಆ ಕಾಲೇಜು ನಡೆಸುವ ಡೆಕ್ಕನ್ ಎಜುಕೇಶನ್ ಸೊಸೈಟಿ ಕಳಿಸಿತು. 1938ರಲ್ಲಿ ಪ್ರಥಮ ದರ್ಜೆ ಹೊತ್ತು ತಿರುಗಿ ಬಂದರು, ಬಂದವರೇ ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನ ಪ್ರಿನ್ಸಿಪಾಲರಾದರು. ಇಂಗ್ಲಿಷ್ ಓದಲು ಹೋದ ಮನುಷ್ಯ ‘ಸಮುದ್ರಗೀತೆಗಳು’ ಎಂಬ ಕನ್ನಡ ಕವಿತೆಗಳನ್ನು ತಂದ ಸಂಗತಿ ಕನ್ನಡ ಮೇಷ್ಟರುಗಳಿಗೆಲ್ಲ ಗೊತ್ತು. ಹಾವೇರಿ ತಾಲೂಕಿನ ಕುರುಬಗೊಂಡದಲ್ಲಿ ಹುಟ್ಟಿ ಹಲಗೇರಿಯವರೆಂದೇ ಕರೆಸಿಕೊಂಡ ಪಾಟೀಲ ಪುಟ್ಟಪ್ಪನವರು 1949ರ ಹೊತ್ತಿಗೆ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಪತ್ರಿಕೋದ್ಯಮ ಕಲಿಯಲು ಹೋದರು. ಕಲಿತದ್ದನ್ನು ಅಲ್ಲೇ ಮಾರಿಕೊಳ್ಳದೆ ಹುಬ್ಬಳ್ಳಿಗೆ ತಂದರು. 1954ರಲ್ಲಿ ‘ಪ್ರಪಂಚ’ ವಾರಪತ್ರಿಕೆ ಶುರುವಾಯಿತು. ಆಗ ಬಸ್ಸೂ ಸರಿಯಾಗಿ ಇರಲಿಲ್ಲ. ಈಗ ಬಸ್ಸು ಐತಿ, ವಿಮಾನ ಐತಿ, ಅಂಗೈಯಲ್ಲಿ ಫೋನ್ ಐತಿ; ಕಳಿಸುವವರು ಮಾತ್ರ ಇಲ್ಲ.

ಹೋದ ಮಕ್ಕಳಿಗೆ ಅಲ್ಲಿ ಆಗುವುದಾದರೂ ಏನು? ಜರ್ಮನಿಯ ಮಾತೇ ತೆಗೆದುಕೊಳ್ಳಬಹುದು. ಚಳಿಗಾಲದ ಸೆಮಿಸ್ಟರಿಗೆ ಹೋದವರಿಗೆ ಮೊದಲ ಏಟು ಕತ್ತಲೆಯದು. ಡಿಸೆಂಬರಿನಲ್ಲಿ ಸಂಜೆ ನಾಲ್ಕು, ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಆಗ ಇಲ್ಲಿಗೂ ಅಲ್ಲಿಗೂ ನಾಲ್ಕೂವರೆ ತಾಸಿನ ಅಂತರ. ಇಲ್ಲಿ ರಾತ್ರಿ ಊಟ ಮುಗಿಸಿ ಅವ್ವ ಫೋನ್ ಹಚ್ಚಿದರೆ ಅಲ್ಲಿ ಇನ್ನೂ ಸಂಜೆ, ಹುಡುಗಿ ಗ್ರಂಥಾಲಯದಲ್ಲಿ ಪಿಸುಮಾತಿನಲ್ಲಿ ಉತ್ತರ ಕೊಡಬೇಕು. ಎರಡನೇ ಏಟು ಭಾನುವಾರದ್ದು. ಅಂಗಡಿಕಾರರು ಕೇಳಿದರೆ ನಂಬಲಿಕ್ಕಿಲ್ಲ, ಅಲ್ಲಿ ಭಾನುವಾರ ಅಂಗಡಿ ತೆರೆಯುವಂತಿಲ್ಲ ಅಂತ ಕಾನೂನೇ ಇದೆ. ಸ್ಟೇಷನ್ನಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ ಒಂದೆರಡು ತೆರೆದಿರಬಹುದು, ಅಷ್ಟೇ. ಶನಿವಾರ ಸಂಜೆಯೊಳಗೆ ಅಕ್ಕಿ ಬೇಳೆ ತಂದಿಡದವನಿಗೆ ಭಾನುವಾರ ಉಪವಾಸ. ನೀರಿನ ಪ್ಲಾಸ್ಟಿಕ್ ಬಾಟ್ಲಿಗೆ 25 ಸೆಂಟು ಡಿಪಾಜಿಟ್ಟು. ಖಾಲಿ ಬಾಟ್ಲಿ ಮಶೀನಿಗೆ ಹಾಕಿದರೆ ವಾಪಸು. ಗಾಜಿನ ಸೋಡಾ ಬಾಟ್ಲಿ ಕಾಲದ ವ್ಯವಹಾರ ಬಲ್ಲ ಹಿರಿಯರಿಗೆ ಇದು ಹೊಸತಲ್ಲ, ಇಲ್ಲಿ ಬಿಟ್ಟುಹೋದದ್ದನ್ನು ಅವರು ಬಿಟ್ಟಿಲ್ಲ ಅಷ್ಟೇ. ಬಸ್ಸಿನವರಿಗೆ ಒಂದು ಮಾತು: ಅಲ್ಲಿಯ ಅನೇಕ ವಿಶ್ವವಿದ್ಯಾಲಯಗಳಲ್ಲಿ ಸೆಮಿಸ್ಟರ್ ಹಣದ ಜತೆಗೇ ಬಸ್ಸು ರೈಲಿನ ಪಾಸು ಬಂದುಬಿಡುತ್ತದೆ. ಪಾಸಿಗಾಗಿ ಡಿಪೋ ಕಿಟಕಿ ಮುಂದೆ ಪಾಳಿ ಹಚ್ಚುವ ಪ್ರಸಂಗ ಇಲ್ಲ.

ಇವೆಲ್ಲ ಹದಿನೈದು ದಿನದಲ್ಲಿ ರೂಢಿಯಾಗುವ ಸಂಗತಿಗಳು. ನಿಜವಾದ ಏಟು ಕ್ಲಾಸಿನಲ್ಲಿ ಬೀಳುತ್ತದೆ. ಎಷ್ಟೋ ಪಾಠಗಳಿಗೆ ಹಾಜರಿ ಕೂಗುವವರೇ ಇಲ್ಲ. ನೋಟ್ಸ್ ಬರೆಸುವವರಿಲ್ಲ. ವಾರಕ್ಕೆ ಒಂದು ವಿಷಯಕ್ಕೆ ಒಂದೋ ಎರಡೋ ತರಗತಿ, ಉಳಿದ ಹೊತ್ತು ತಾನೇ ಓದಿಕೊಂಡು ಬರಬೇಕು. ಬಂದು ಬಾಯಿ ಬಿಡಬೇಕು. ‘ಪುಸ್ತಕದಲ್ಲಿ ಹೀಗಿದೆ ಸರ್’ ಎಂದರೆ, ‘ಅದು ಸರಿ, ನಿನಗೆ ಏನು ಅನಿಸಿತು?’ ಎಂದು ಮೇಷ್ಟರು ತಿರುಗಿ ಕೇಳುತ್ತಾರೆ. ಇಪ್ಪತ್ತು ವರ್ಷ ಯಾರೂ ಕೇಳದ ಪ್ರಶ್ನೆ! ಗೈಡು ಬಾಯಿಪಾಠ ಮಾಡಿ ಎಂಬತ್ತು ಪರ್ಸೆಂಟ್ ತೆಗೆದವನ ನಾಲಿಗೆ ಅಲ್ಲಿ ಒಣಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ್ದು ಇದಕ್ಕೆ ಕಾರಣ ಅಂತ ಹೇಳುವವರು ಬಹಳ. ಇಂಗ್ಲಿಷು ಅಲ್ಲಿಯ ಹುಡುಗರಿಗೂ ತಾಯಿಭಾಷೆ ಅಲ್ಲ, ಅವರೂ ತಡವರಿಸುತ್ತಾರೆ, ಆದರೆ ಮಾತಾಡುತ್ತಾರೆ. ಕೊರತೆ ಇಂಗ್ಲಿಷಿನದಲ್ಲ, ಬಾಯಿ ಬಿಡುವ ರೂಢಿಯದು. ಆ ರೂಢಿ ಆರು ತಿಂಗಳಲ್ಲಿ ಬಂದರೂ ಸಾಕು, ಟಿಕೀಟಿನ ದುಡ್ಡು ಮುಟ್ಟಿದಂತೆ.

ಈಗ ದುಡ್ಡಿನ ಮಾತು. ಫೀ ಇಲ್ಲ ಎಂದರೆ ಖರ್ಚೇ ಇಲ್ಲ ಎಂದಲ್ಲ. ವಿಮಾನದ ಟಿಕೀಟು, ವೀಸಾ, ವಿಮೆ, ರೂಮಿನ ಬಾಡಿಗೆ, ಹೊಟ್ಟೆ. ಜರ್ಮನಿ ಸರಕಾರ 2024ರ ಸೆಪ್ಟೆಂಬರಿನಿಂದ ವಿದ್ಯಾರ್ಥಿಯೊಬ್ಬ ತಿಂಗಳಿಗೆ 992 ಯೂರೋದಂತೆ ಖಾತೆಯಲ್ಲಿ ಮೊದಲೇ ತೋರಿಸಬೇಕೆಂದು ನಿಗದಿ ಮಾಡಿತು. ಆರು ತಿಂಗಳಿಗೆ 5,952 ಯೂರೋ. ಯೂರೋಗೆ ನೂರು ರೂಪಾಯಿ ಹಿಡಿದರೆ ಆರು ಲಕ್ಷದ ಹತ್ತಿರ ಬಂತು. ಬ್ಯಾಡಗಿ ಮೆಣಸಿನಕಾಯಿ ಕ್ವಿಂಟಲಿಗೆ ಇಪ್ಪತ್ತು ಸಾವಿರ ಸಿಕ್ಕರೆ ಇದು 30 ಕ್ವಿಂಟಲಿನ ದುಡ್ಡು. ಹತ್ತು ಸಾವಿರಕ್ಕೆ ಇಳಿದರೆ 60 ಕ್ವಿಂಟಲು. 2024ರ ಮಾರ್ಚ್ 11ರಂದು ದರ ಕುಸಿದು ರೊಚ್ಚಿಗೆದ್ದ ರೈತರು ಬ್ಯಾಡಗಿ ಎ.ಪಿ.ಎಂ.ಸಿ. ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ್ದನ್ನು ಈ ಭಾಗದವರು ಮರೆತಿಲ್ಲ. ಅಂಥ ವರ್ಷ ಮಗಳ ಸೆಮಿಸ್ಟರಿನ ಮಾತು ಯಾವ ಅಪ್ಪ ಎತ್ತಾನು?

ಆದರೆ ಇದಕ್ಕೂ ದಾರಿ ಇದೆ. ಯುರೋಪಿನ ದೇಶಗಳು ಸೇರಿ 1987ರಲ್ಲಿ ಎರಾಸ್ಮಸ್ ಎಂಬ ಯೋಜನೆ ಹಾಕಿಕೊಂಡವು. ಮೊದಲು ತಮ್ಮ ತಮ್ಮೊಳಗೆ ಹುಡುಗರನ್ನು ಕಳಿಸಿ ಕರೆಸಿಕೊಳ್ಳುತ್ತಿದ್ದವರು ಕ್ರಮೇಣ ಬಾಗಿಲನ್ನು ಹೊರಗಿನ ದೇಶಗಳಿಗೂ ತೆರೆದರು. ಭಾರತವೂ ಅದರಲ್ಲಿ ಸೇರಿದೆ. ಆ ಕರಾರಿನಲ್ಲಿ ಹೋದ ವಿದ್ಯಾರ್ಥಿಗೆ ಫೀ ಇಲ್ಲ, ಮೇಲೆ ತಿಂಗಳಿಗೆ 800ರಿಂದ 900 ಯೂರೋ ಅವರೇ ಕೊಡುತ್ತಾರೆ, ದಾರಿಖರ್ಚೂ ಕೊಡುತ್ತಾರೆ. ಹಾಗಾದರೆ ಹಂಸಭಾವಿಯ ಜಾಣ ಹುಡುಗಿ ಅರ್ಜಿ ಯಾಕೆ ಹಾಕಬಾರದು? ಹಾಕುವಂತಿಲ್ಲ. ಅಲ್ಲೇ ಇದೆ ಗಂಟು. ಅರ್ಜಿ ಹುಡುಗಿಯಿಂದ ಹೋಗುವುದಲ್ಲ, ಅವಳ ವಿಶ್ವವಿದ್ಯಾಲಯ ಅವಳ ಹೆಸರು ಸೂಚಿಸಬೇಕು. ಅದಕ್ಕೂ ಮೊದಲು ಆ ವಿಶ್ವವಿದ್ಯಾಲಯ ಅಲ್ಲಿಯದರ ಜತೆ ಕರಾರಿಗೆ ರುಜು ಹಾಕಿರಬೇಕು. ಹೋಗುವ ಮುಂಚೆ ಯಾವ ಯಾವ ವಿಷಯ ಅಲ್ಲಿ ಓದುತ್ತಾಳೆ, ಅದು ಇಲ್ಲಿಯ ಯಾವ ವಿಷಯಕ್ಕೆ ಸಮ ಎಂದು ಕಾಗದ ಬರೆದು ಹುಡುಗಿ, ಇಲ್ಲಿಯವರು, ಅಲ್ಲಿಯವರು ಮೂವರೂ ಸಹಿ ಮಾಡಬೇಕು. ಹುಡುಗಿ ಎಷ್ಟೇ ಹುಷಾರಿದ್ದರೂ ರುಜು ಇಲ್ಲದಿದ್ದರೆ ಬಾಗಿಲು ಬಂದ್.

ರುಜು ಹಾಕಬೇಕಾದವರು ಯಾರು? ಮೊದಲು ಇಲ್ಲಿಯ ಕಾಲೇಜುಗಳೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2023ರಲ್ಲಿ ಹಾವೇರಿಗೇ ಒಂದು ವಿಶ್ವವಿದ್ಯಾಲಯ ಆಯಿತು. ಪೇಢೆ ಹಂಚಿದವರು ಹಂಚಿದರು. ಎರಡು ವರ್ಷ ತುಂಬುವುದರೊಳಗೆ, 2025ರ ಫೆಬ್ರುವರಿಯಲ್ಲಿ, ರಾಜ್ಯ ಸಚಿವ ಸಂಪುಟದ ಉಪಸಮಿತಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವುದೇ ಲೇಸು ಎಂದಿತು. ಹಾವೇರಿಯ ಹೆಸರೂ ಆ ಪಟ್ಟಿಯಲ್ಲಿತ್ತು. ಇರುತ್ತದೋ ಹೋಗುತ್ತದೋ ಎಂಬ ಮಾತು ಎದ್ದ ಮನೆಗೆ ಯಾರು ಸಂಬಂಧ ಬೆಳೆಸುತ್ತಾರೆ? ಜರ್ಮನಿಯವನು ಕರಾರಿಗೆ ಕೂರುವ ಮೊದಲು ಕೇಳುವುದೇ ಅದು: ಐದು ವರ್ಷ ಆದ ಮೇಲೆ ನೀವು ಇರ್ತೀರೋ ಇಲ್ಲೋ?

ಪಠ್ಯಕ್ರಮದ ಕತೆಯೂ ಹಾಗೆಯೇ. 2021ರಲ್ಲಿ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ ಅಂತ ನಾಲ್ಕು ವರ್ಷದ ಡಿಗ್ರಿ ತಂದರು. 2024ರಲ್ಲಿ ಅದು ಬೇಡ, ಮೂರೇ ವರ್ಷ ಸಾಕು ಅಂದರು. ಎರಡರಲ್ಲಿ ಯಾವುದು ಸರಿ ಎಂಬುದು ಬೇರೆ ಜಗಳ, ಅದನ್ನು ಬೆಂಗಳೂರಿನವರು ಆಡಿಕೊಳ್ಳಲಿ. ಆದರೆ ಅಣ್ಣ ಓದಿದ್ದು ಒಂದು, ತಂಗಿ ಓದುತ್ತಿರುವುದು ಇನ್ನೊಂದು ಎಂಬ ಸ್ಥಿತಿಯಲ್ಲಿ ‘ಇಲ್ಲಿಯ ವಿಷಯಕ್ಕೆ ಅಲ್ಲಿಯ ಯಾವ ವಿಷಯ ಸಮ’ ಎಂದು ಪಟ್ಟಿ ಮಾಡಿಡುವವರು ಯಾರು?

ಕ್ರೆಡಿಟ್ ಎಂಬ ಶಬ್ದವನ್ನೂ ಇಲ್ಲಿ ಬಿಡಿಸಿ ಹೇಳಬೇಕು. ಅಂಗಡಿಕಾರನಿಗೆ ಕ್ರೆಡಿಟ್ ಎಂದರೆ ಉದ್ರಿ. ಕಾಲೇಜಿನ ಕ್ರೆಡಿಟ್ ಅದಕ್ಕೆ ಉಲ್ಟಾ, ಅದು ಜಮಾ. ಓದಿದ ತಾಸಿನ ಲೆಕ್ಕದಲ್ಲಿ ವಿದ್ಯಾರ್ಥಿಯ ಖಾತೆಗೆ ಬೀಳುವ ಜಮಾ. ಯುರೋಪಿನಲ್ಲಿ ಒಂದು ಸೆಮಿಸ್ಟರಿಗೆ 30ರಂತೆ ವರ್ಷಕ್ಕೆ 60 ಜಮಾ. ಇಲ್ಲಿ ಯು.ಜಿ.ಸಿ. 2021ರಲ್ಲಿ ಇದಕ್ಕಾಗಿಯೇ ಒಂದು ಬ್ಯಾಂಕು ಮಾಡಿತು, ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅಂತ. ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ನಗದು ಮಾಡಿಕೊಳ್ಳಲಿ ಎಂಬ ಉದ್ದೇಶ. 2022ರಲ್ಲಿ ವಿದೇಶಿ ವಿಶ್ವವಿದ್ಯಾಲಯಗಳ ಜತೆ ಕೂಡಿ ಡಿಗ್ರಿ ಕೊಡುವುದಕ್ಕೂ ನಿಯಮ ಮಾಡಿತು. ಕಾನೂನು ಇದೆ, ಬ್ಯಾಂಕೂ ಇದೆ, ಹುಂಡಿ ಬರೆಯುವವರಿಲ್ಲ. ಪರದೇಶದಿಂದ ಮಾರ್ಕ್ಸ್ ತಂದವನಿಗೆ ಇಲ್ಲಿ ‘ಈ ವಿಷಯ ಸಿಲೆಬಸ್ಸಿನಲ್ಲಿ ಇಲ್ಲ, ಪೇಪರ್ ಮತ್ತೆ ಕಟ್ಟು’ ಎಂದರೆ ಆರು ತಿಂಗಳ ಜಮಾ ಹೋಗಿ ಉದ್ರಿಯೇ ಆದಂತಾಯಿತು.

ಇನ್ನೊಂದು ತೊಡಕು ಯಾರೂ ಹೇಳುವುದಿಲ್ಲ, ಹೋದವನಿಗೇ ಗೊತ್ತಾಗುವುದು. ಅಲ್ಲಿಯ ಚಳಿಗಾಲದ ಸೆಮಿಸ್ಟರು ಅಕ್ಟೋಬರಿನಿಂದ ಮಾರ್ಚಿನವರೆಗೆ. ಅಷ್ಟೊತ್ತಿಗೆ ಇಲ್ಲಿ ಮಳೆಗಾಲದಲ್ಲಿ ಶುರುವಾದ ಸೆಮಿಸ್ಟರು ಅರ್ಧ ಮುಗಿದಿರುತ್ತದೆ. ಹುಡುಗ ಅದನ್ನು ಅರ್ಧಕ್ಕೆ ಬಿಟ್ಟು ಹೋದ. ಮಾರ್ಚಿನಲ್ಲಿ ತಿರುಗಿ ಬಂದರೆ ಇಲ್ಲಿ ಮುಂದಿನ ಸೆಮಿಸ್ಟರಿನ ಪಾಠ ಅರ್ಧ ಆಗಿದೆ, ಹಾಜರಿ ಕಮ್ಮಿ ಬಿದ್ದಿದೆ. ಆರು ತಿಂಗಳ ಓದಿಗೆ ಒಂದು ವರ್ಷ ಹೋಯಿತು. ‘ಪರದೇಶಕ್ಕ ಹೋಗಿ ಒಂದು ವರ್ಷ ಫೇಲಾಗಿ ಬಂದಾನ ನೋಡ್ರಿ’ ಎಂದು ಕಟ್ಟೆಯ ಮೇಲೆ ಕೂತವರು ಅಂದರೆ ಅವರ ತಪ್ಪೇನು? ಹಾಜರಿಯ ವಿನಾಯಿತಿ, ಪರೀಕ್ಷೆಯ ಬದಲಿ ದಿನ ಇವನ್ನು ಮೊದಲೇ ಬರೆದಿಡುವ ಕೆಲಸ ಪಾಸು ಫೇಲು ನೋಡುವ ಕುಲಸಚಿವರದ್ದು. ದೊಡ್ಡ ದುಡ್ಡಿನ ಕೆಲಸ ಅಲ್ಲ, ಒಂದು ಸುತ್ತೋಲೆಯ ಕೆಲಸ.

ಈ ಜಿಲ್ಲೆಯಲ್ಲಿ ಮಕ್ಕಳನ್ನು ಪರದೇಶಕ್ಕೆ ಕಳಿಸುವ ಮಾತು ಬಂದಾಗ ತಾಯಂದಿರು ಸುಮ್ಮನಾಗಲು ಬೇರೆಯೇ ಕಾರಣ ಇದೆ. 2022ರ ಮಾರ್ಚ್ 1. ರಾಣೆಬೆನ್ನೂರು ತಾಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಯುಕ್ರೇನಿನ ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಸಿಕ್ಕು ಸತ್ತ. ತಿನ್ನಲು ಏನಾದರೂ ತರುತ್ತೇನೆಂದು ಹೊರಗೆ ಹೋದವನು. ಅವನ ಜತೆಯವರು ಸಾವಿರಾರು ಮಂದಿ ಜೀವ ಉಳಿಸಿಕೊಂಡು ಬಂದರು. ಬಂದವರ ಓದು? ದೇಶದ ವೈದ್ಯಕೀಯ ಆಯೋಗದ 2021ರ ನಿಯಮದಂತೆ ಪರದೇಶದಲ್ಲಿ ಡಾಕ್ಟರಿಕಿ ಓದುವವನು ಇಡೀ ಓದನ್ನು ಒಂದೇ ಕಾಲೇಜಿನಲ್ಲಿ ಮುಗಿಸಬೇಕು. ಆ ಕಾಲೇಜಿನ ಮೇಲೆ ಬಾಂಬು ಬೀಳುತ್ತಿದ್ದರೆ? ಕಡೆಗೆ 2022ರ ಸೆಪ್ಟೆಂಬರ್ 6ರಂದು ಆಯೋಗ ಒಪ್ಪಿಗೆ ಕೊಟ್ಟಿತು: ಯುಕ್ರೇನಿನ ವಿಶ್ವವಿದ್ಯಾಲಯದಲ್ಲಿ ಹೆಸರು ಇಟ್ಟುಕೊಂಡೇ ಬೇರೆ ದೇಶದ ಕಾಲೇಜಿನಲ್ಲಿ ಓದು ಮುಂದುವರಿಸಬಹುದು, ಡಿಗ್ರಿ ಮಾತ್ರ ಮೂಲ ವಿಶ್ವವಿದ್ಯಾಲಯವೇ ಕೊಡಬೇಕು. ಅಂದರೆ ಏನಾಯಿತು? ಅದೇ ಎಕ್ಸ್‌ಚೇಂಜಿನ ಲೆಕ್ಕ. ಒಂದು ಕಡೆ ಹೆಸರು, ಇನ್ನೊಂದು ಕಡೆ ಓದು, ಜಮಾ ಮಾತ್ರ ಒಂದೇ ಖಾತೆಗೆ. ಯುದ್ಧ ಬಂದಾಗ ಆರು ತಿಂಗಳಲ್ಲಿ ದಾರಿ ಹುಡುಕಿದವರಿಗೆ ಯುದ್ಧ ಇಲ್ಲದಾಗ ಅದೇ ದಾರಿ ಕಾಣುವುದಿಲ್ಲವೆಂದರೆ ನಂಬುವುದು ಕಷ್ಟ.

ತಾಯಂದಿರ ಭಯ ಸುಳ್ಳಲ್ಲ. ಆದರೆ ಒಂದು ವ್ಯತ್ಯಾಸ ತಿಳಿಯಬೇಕು. ದಲಾಲರ ಮಾತು ನಂಬಿ ಆರು ವರ್ಷಕ್ಕೆ ಸಾಲ ಮಾಡಿ ಹೋಗುವ ಹುಡುಗ ಅಲ್ಲಿ ಒಂಟಿ. ಹುಬ್ಬಳ್ಳಿ, ದಾವಣಗೆರೆಯ ಗೋಡೆಗಳ ಮೇಲೆ ‘ವಿದೇಶದಲ್ಲಿ ಓದಿ’ ಎಂದು ಬೋರ್ಡು ಹಚ್ಚಿದವರು ವಿಮಾನ ಹತ್ತಿಸಿ ಕೈ ತೊಳೆದುಕೊಂಡರೆ ಕೇಳುವವರು ಯಾರು? ಎಕ್ಸ್‌ಚೇಂಜಿನಲ್ಲಿ ಹೋದವನಿಗೆ ಎರಡೂ ಕಡೆ ವಾರಸುದಾರರಿರುತ್ತಾರೆ. ಇಲ್ಲಿ ಅವನ ಕಾಲೇಜು, ಅಲ್ಲಿ ಅವನನ್ನು ಕರೆಸಿಕೊಂಡ ಕಾಲೇಜು. ಆರು ತಿಂಗಳಾದ ಮೇಲೆ ಬಾರದೆ ಇರುವಂತೆಯೂ ಇಲ್ಲ, ಡಿಗ್ರಿ ಇರುವುದು ಇಲ್ಲಿ.

ಸರಕಾರ ಏನೂ ಮಾಡಿಲ್ಲ ಎಂದರೆ ಅನ್ಯಾಯವಾದೀತು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಪರದೇಶದ ಪೂರ್ತಿ ಡಿಗ್ರಿಗೆ ಪ್ರಬುದ್ಧ ಎಂಬ ಯೋಜನೆ ತಂದಿತು. 2023ರಲ್ಲಿ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ಬ್ರಿಟಿಷ್ ಕೌನ್ಸಿಲಿನ ಜತೆ ಸೇರಿ ‘ಸ್ಕೌಟ್’ ಹೆಸರಿನಲ್ಲಿ ಸರಕಾರಿ ವಿಶ್ವವಿದ್ಯಾಲಯಗಳ ಡಿಗ್ರಿ ಹುಡುಗರನ್ನು ಬ್ರಿಟನ್ನಿಗೆ ಕಳಿಸಿತು. ಒಳ್ಳೆಯ ಕೆಲಸವೇ. ಆದರೆ ಅದು ವಾರಗಳ ಲೆಕ್ಕದ ಪ್ರಯಾಣ, ಸೆಮಿಸ್ಟರಿನ ಓದಲ್ಲ, ಹೋದವರೂ ಬೆರಳೆಣಿಕೆಯವರು. ರುಚಿ ತೋರಿಸಿ ತಾಟು ಎತ್ತಿಕೊಂಡಂತೆ ಆಗಬಾರದು.

‘ಅಲ್ರಿ, ಅಲ್ಲಿಂದ ಇಲ್ಲಿಗೆ ಬರೂದು ಯಾರು? ಹಂಸಭಾವಿಗೆ ಜರ್ಮನ್ ಹುಡುಗ ಏನ್ ಕಲಿಯಾಕ ಬರ್ತಾನ?’ ಎಂದು ನಗುವವರಿದ್ದಾರೆ. ನಗಲಿ. ಜರ್ಮನಿಯಿಂದ 1853ರಲ್ಲಿ ಬಂದ ಕಿಟ್ಟೆಲ್ ಎಂಬ ಪಾದ್ರಿ ಹುಬ್ಬಳ್ಳಿ ಧಾರವಾಡಗಳಲ್ಲಿ ಕೂತು ಕನ್ನಡ ಕಲಿತು, 1894ರಲ್ಲಿ ಕನ್ನಡಿಗರಿಗೇ ನಿಘಂಟು ಮಾಡಿಕೊಟ್ಟ. ಅವನಿಗೆ ಯಾವ ವಿಶ್ವವಿದ್ಯಾಲಯದ ಕರಾರಿತ್ತು? ಮೈಸೂರಿನಲ್ಲಿ ಅಮೆರಿಕದ ವಿದ್ಯಾರ್ಥಿಗಳಿಗೆ ಕನ್ನಡ ಕಲಿಸುವ ಏರ್ಪಾಡು ಮೊದಲೇ ಇದೆ. ಶಿಗ್ಗಾವಿ ಹತ್ತಿರ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದಕ್ಕೆಂದೇ ವಿಶ್ವವಿದ್ಯಾಲಯ ಮಾಡಿದ್ದಾರೆ. ಹಾನಗಲ್ಲಿನ ತಾರಕೇಶ್ವರ ಗುಡಿಯ ಕಲ್ಲಿನ ಕೆಲಸ, ಬ್ಯಾಡಗಿಯ ಮೆಣಸಿನಕಾಯಿ ಪೇಟೆ, ಸರ್ವಜ್ಞನ ನೆನಪಿರುವ ಅಬಲೂರು ಮಾಸೂರು, ಎಲ್ಲ ಬಸ್ ದಾರಿಯಲ್ಲೇ ಇವೆ. ವಚನ ಓದಲು, ಡೊಳ್ಳು ಕಲಿಯಲು, ಬಣ್ಣಕ್ಕೆ ಹೆಸರಾದ ಒಂದು ಕಾಯಿ ಹೊಲದಿಂದ ಕಾರ್ಖಾನೆವರೆಗೆ ಹೇಗೆ ಹೋಗುತ್ತದೆಂದು ನೋಡಲು ಒಂದು ಸೆಮಿಸ್ಟರು ಸಾಲದು. ಇಲ್ಲಿರುವ ಕೊರತೆ ಕಲಿಸುವ ವಸ್ತುವಿನದಲ್ಲ, ಬಂದವರಿಗೆ ಒಂದು ಸ್ವಚ್ಛ ಹಾಸ್ಟೆಲ್ ರೂಮಿನದು.

ಜರ್ಮನಿ ದೂರ ಆಯಿತು ಎನ್ನುವವರಿಗೆ ಹತ್ತಿರದ್ದೂ ಒಂದಿದೆ. ಗುಡ್ಡದಾಚೆ ಶಿವಮೊಗ್ಗ ಜಿಲ್ಲೆ, ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ. ಹಂಸಭಾವಿಯ ಹುಡುಗ ಅಲ್ಲಿ ಆರು ತಿಂಗಳು ಓದಿ ಜಮಾ ತರಬಹುದೇ? ಅದಕ್ಕೂ ಇಲ್ಲಿಯ ಹುಡುಗರಿಗೆ ದಾರಿ ತೋರಿಸಿದವರಿಲ್ಲ. ಮೊದಲು ಪಕ್ಕದ ವಿಶ್ವವಿದ್ಯಾಲಯದೊಂದಿಗೆ ಅದಲುಬದಲು ನಡೆಸಿ ತೊಡಕುಗಳನ್ನು ಬಿಡಿಸಿಕೊಂಡರೆ ಪರದೇಶದ ಕರಾರಿಗೆ ಕೂರುವಾಗ ಕೈಯಲ್ಲಿ ಅನುಭವ ಇರುತ್ತದೆ.

ಊರಿನವರ ಪಾಲೂ ಇದೆ. ಗೋಕಾಕರನ್ನು ಕಳಿಸಿದ್ದು ಸರಕಾರವಲ್ಲ, ಒಂದು ಸಂಸ್ಥೆ. ಜಾತ್ರೆಗೆ, ತೇರಿಗೆ, ಕ್ರಿಕೆಟ್ ಟೂರ್ನಮೆಂಟಿಗೆ ಪಟ್ಟಿ ಎತ್ತುವ ಊರು ವರ್ಷಕ್ಕೆ ಒಬ್ಬ ಹುಡುಗಿಯ ವಿಮಾನದ ಟಿಕೀಟಿಗೆ ಎತ್ತಲಾರದೆ? ವರ್ತಕರು, ಸೊಸೈಟಿಯವರು, ಇಲ್ಲಿ ಓದಿ ಬೆಂಗಳೂರಿನಲ್ಲಿ ದೊಡ್ಡ ನೌಕರಿ ಹಿಡಿದವರು ಸೇರಿದರೆ ಕಷ್ಟದ ಬಾಬತ್ತಲ್ಲ. ಆದರೆ ಯಾರನ್ನು ಕಳಿಸುತ್ತಾರೆ ಎಂಬ ಪಟ್ಟಿ ನೋಟೀಸ್ ಬೋರ್ಡಿನ ಮೇಲೆ ಎಲ್ಲರಿಗೂ ಕಾಣುವಂತೆ ಇರಬೇಕು. ಆಡಳಿತ ಮಂಡಳಿಯವರ ತಂಗಿಯ ಮಗ, ಪುಢಾರಿಯ ಅಳಿಯ ಎಂದು ಶುರುವಾದರೆ ಎರಡನೇ ವರ್ಷ ಪಟ್ಟಿ ಎತ್ತಲು ಹೋದವರಿಗೆ ಅಂಗಡಿಗಳಲ್ಲಿ ಚಹಾ ಕೂಡ ಸಿಗುವುದಿಲ್ಲ.

ಅದಕ್ಕೆಲ್ಲ ಮುಂಚೆ ಪಾಸ್‌ಪೋರ್ಟು. ಕರಾರು ಆಗಿ, ಹೆಸರು ಸೂಚಿಸಿ, ದುಡ್ಡೂ ಕೂಡಿ ಬಂದು, ಪಾಸ್‌ಪೋರ್ಟ್ ಇಲ್ಲದ್ದಕ್ಕೆ ಕೊನೆ ದಿನ ದಾಟಿಹೋದರೆ ಯಾರನ್ನು ದೂರುವುದು? ಸಾದಾ ಪಾಸ್‌ಪೋರ್ಟಿಗೆ ಫೀ 1,500 ರೂಪಾಯಿ, ಸೇವಾ ಕೇಂದ್ರ ಹುಬ್ಬಳ್ಳಿಯಲ್ಲಿದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಇದ್ದವರು ಅದನ್ನು ಸರಿಮಾಡಿಸಲು ಅಲೆಯುವುದರಲ್ಲೇ ಒಂದು ಸೆಮಿಸ್ಟರು ಕಳೆದುಹೋಗುತ್ತದೆ. ಡಿಗ್ರಿ ಮೊದಲ ವರ್ಷಕ್ಕೆ ಸೇರುವ ವೇಳೆಗೇ ಇದನ್ನು ನೋಡಿಕೊಳ್ಳಲು ಕಾಲೇಜಿನಲ್ಲಿ ಒಬ್ಬ ಮೇಷ್ಟರನ್ನು ನೇಮಿಸಿದರೆ, ಮೂರನೇ ವರ್ಷಕ್ಕೆ ಬರುವಷ್ಟರಲ್ಲಿ ಆಸೆಯಿದ್ದ ಹುಡುಗ ಹುಡುಗಿಯರ ಕೈಯಲ್ಲಿ ಪಾಸ್‌ಪೋರ್ಟಾದರೂ ಇರುತ್ತದೆ.